ಸೊನ್ನೆ ದಾಟದ ಮುಳ್ಳು

ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೆ. ಬಾನೆಟ್ ಕೆಳಗಿನಿಂದ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್‌ನ ಕೂಗು ಸಣ್ಣಗೆ ಕೇಳಿಸುತ್ತಿತ್ತು. ಕಾರು ಯಾರೋ ಹಿಂದಿನಿಂದ ನೂಕಿದ ಹಾಗೆ ಮುಂದಕ್ಕೆ ನುಗ್ಗಿತು. ಆದರೆ ಆ ದಿನ ಬೆಳಿಗ್ಗೆಯಷ್ಟೇ ಕೂರಿಸಿದ್ದ ಬೂಸ್ಟ್ ಗೇಜಿನ ಮುಳ್ಳು ಎಡಗಡೆಯಿಂದ ಎದ್ದು ಬಂದು, ಸೊನ್ನೆಗೆ ಒಂದು ಗೆರೆ ಬಾಕಿ ಇರುವಾಗಲೇ ನಿಂತುಬಿಟ್ಟಿತು. ಬಲಗಡೆ, ಅಂದರೆ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ತೋರಿಸುವ ಕಡೆ, ಒಂದು ಕೂದಲಷ್ಟೂ ಹೋಗಲಿಲ್ಲ. ಎದೆ ಧಸಕ್ ಅಂದಿತು.

ಕಾರಣ ಇತ್ತು. ಕಾರು 2002ರ ಬ್ಯೂಕ್ ರೀಗಲ್ ಜಿಎಸ್. ಡೆಟ್ರಾಯಿಟ್ ಹತ್ತಿರ ನಾವು ಇರುವ ಊರಿನಲ್ಲೇ ಒಬ್ಬ ವಯಸ್ಸಾದವರಿಂದ ಕೊಂಡದ್ದು. 3.8 ಲೀಟರಿನ ವಿ6 ಇಂಜಿನ್, ಅದರ ನೆತ್ತಿಯ ಮೇಲೆ ಈಟನ್ ಎಂ90 ಸೂಪರ್‌ಚಾರ್ಜರ್, 240 ಕುದುರೆ ಶಕ್ತಿ. ಈ ಇಂಜಿನ್ ತಯಾರಾದ ಫ್ಲಿಂಟ್ ಊರು ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಹಳೆಯದಾದರೂ ನನಗೆ ತುಂಬಾ ಇಷ್ಟದ ಕಾರು. ನಿಂತಿದ್ದಾಗ ಸೂಪರ್‌ಚಾರ್ಜರ್ ಮೂತಿಯಿಂದ ಕಟಕಟ ಎಂಬ ಸದ್ದು ಬರುತ್ತಿತ್ತು. ಒಂದು ವರ್ಕ್‌ಶಾಪ್‌ಗೆ ತೋರಿಸಿದೆ. ಅವರು ಎರಡು ನಿಮಿಷ ಕಿವಿಕೊಟ್ಟು ಕೇಳಿ, "ಸೂಪರ್‌ಚಾರ್ಜರ್ ಹೋಗಿದೆ, ಪೂರ್ತಿ ಬದಲಿಸಬೇಕು" ಎಂದರು. ಸಾವಿರ ಡಾಲರ್ ದಾಟುವ ಲೆಕ್ಕ. ಏನನ್ನೂ ಅಳೆಯದೆ ಹೇಳಿದ ಮಾತು ಅದು. ನನಗೆ ಒಪ್ಪಿಗೆಯಾಗಲಿಲ್ಲ. ಗಾಳಿ ನಿಜವಾಗಿ ಎಷ್ಟು ಒತ್ತಡದಲ್ಲಿ ಬರುತ್ತಿದೆ ಎಂದು ಕಣ್ಣಾರೆ ನೋಡಬೇಕು ಅನ್ನಿಸಿತು. ಈ ಇಂಜಿನ್ನಿಗೆ ಸೂಪರ್‌ಚಾರ್ಜರ್ ತಿರುಗಿಸುವ ಕಂಪನಿಯ ಪುಲ್ಲಿಯಲ್ಲಿ ಸುಮಾರು 7ರಿಂದ 8 ಪಿಎಸ್ಐ (ಚದರ ಇಂಚಿಗೆ ಪೌಂಡ್) ಬೂಸ್ಟ್ ಬರಬೇಕು. ಬಂದರೆ ಸೂಪರ್‌ಚಾರ್ಜರ್ ಬದುಕಿದೆ. ಬರದಿದ್ದರೆ ವರ್ಕ್‌ಶಾಪಿನವರು ಹೇಳಿದ್ದೇ ಸರಿ. ಕಾರಿನ ಡ್ಯಾಶ್‌ನಲ್ಲಿ ಅದನ್ನು ತೋರಿಸುವ ಮುಳ್ಳು ಇರಲಿಲ್ಲ, ಅದಕ್ಕೇ ಗೇಜ್ ತಂದೆ.

ತಂದದ್ದು ಮೆಕ್ಯಾನಿಕಲ್ ಗೇಜ್, 52 ಮಿಲಿಮೀಟರ್ ಅಗಲದ್ದು. ಸೆನ್ಸರ್, ವೈರು ಯಾವುದೂ ಇಲ್ಲ, ಲೈಟಿಗೆ ಮಾತ್ರ ಕರೆಂಟು. ಒಳಗೆ ಒಂದು ಚಪ್ಪಟೆ ಹಿತ್ತಾಳೆ ಕೊಳವೆ ಬಿಲ್ಲಿನ ಹಾಗೆ ಬಾಗಿ ಕೂತಿರುತ್ತದೆ. ಒತ್ತಡ ಹೆಚ್ಚಿದರೆ ಬಿಲ್ಲು ಸ್ವಲ್ಪ ನೆಟ್ಟಗಾಗುತ್ತದೆ, ಕಡಿಮೆಯಾದರೆ ಇನ್ನಷ್ಟು ಬಾಗುತ್ತದೆ. ಆ ಅಲುಗಾಟವೇ ಹಲ್ಲುಚಕ್ರದ ಮೂಲಕ ಮುಳ್ಳಿಗೆ ಹೋಗುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಇವತ್ತಿಗೂ ಕೋಟಿಗಟ್ಟಲೆ ಗೇಜುಗಳು ಇದರ ಮೇಲೇ ನಡೆಯುತ್ತಿವೆ. ಇಂಥದ್ದರಲ್ಲಿ ನನಗೆ ನಂಬಿಕೆ ಜಾಸ್ತಿ. ಇಂಜಿನ್ನಿನ ಉಸಿರು ನೇರವಾಗಿ ಮುಳ್ಳನ್ನು ಮುಟ್ಟುತ್ತದೆ, ನಡುವೆ ಯಾರೂ ಇಲ್ಲ.

ಆ ಉಸಿರನ್ನು ಎಲ್ಲಿಂದ ತರಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ನಾನು ತಪ್ಪಿದ್ದೂ ಅಲ್ಲೇ.

ಟರ್ಬೊ (ಎಕ್ಸಾಸ್ಟ್ ಹೊಗೆಯಿಂದ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವಂಥದ್ದು) ಇರುವ ಕಾರು ಇಟ್ಟುಕೊಂಡಿರುವ ಗೆಳೆಯನನ್ನು ಕೇಳಿದ್ದೆ. "ಥ್ರಾಟಲ್ ದಾಟಿದ ಮೇಲೆ ಸಿಗೋ ಯಾವ ವ್ಯಾಕ್ಯೂಮ್ ಹೋಸ್ ಆದ್ರೂ ಸರಿ ಕಣೋ, ಕಟ್ ಮಾಡಿ ಟೀ ಹಾಕು, ಅಷ್ಟೇ" ಎಂದ. ಅವನ ಕಾರಿನಲ್ಲಿ ಅವನು ಮಾಡಿದ್ದು ಹಾಗೇ, ಸರಿಯಾಗಿಯೇ ನಡೆಯುತ್ತಿದೆ. ನಾನೂ ಬಾನೆಟ್ ಎತ್ತಿದೆ. ಥ್ರಾಟಲ್ ಬಾಡಿಯ, ಅಂದರೆ ಆಕ್ಸಿಲರೇಟರ್ ತುಳಿದಷ್ಟು ಗಾಳಿಗೆ ದಾರಿ ಬಿಡುವ ಕವಾಟದ, ಹಿಂದೆಯೇ ಒಂದು ತೆಳು ಹೋಸ್ ಕೈಗೆ ಸಿಗುವ ಹಾಗೆ ಇತ್ತು. ಕತ್ತರಿಸಿ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ, ಅದರ ಒಂದು ಬಾಯಿಯನ್ನು ಗೇಜಿಗೆ ಜೋಡಿಸಿದೆ. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಮುಳ್ಳು ಎಡಕ್ಕೆ ಹೋಗಿ 19 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್, ಅಂದರೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ, ತೋರಿಸಿತು. ಇಂಜಿನ್ ಐಡಲ್‌ನಲ್ಲಿ ಇದ್ದಾಗ ತೋರಿಸಬೇಕಾದ ಅಂಕಿ ಅದೇ. ಸ್ವಲ್ಪ ರೇಸ್ ಮಾಡಿದರೆ ಮುಳ್ಳು ಕುಣಿದು ವಾಪಸ್ ಬರುತ್ತಿತ್ತು. ಎಲ್ಲ ಸರಿಯಾಗಿದೆ ಅಂದುಕೊಂಡೇ ರೋಡಿಗೆ ಇಳಿದಿದ್ದೆ.

ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದಾಗ ಗ್ಯಾರೇಜಿನಲ್ಲಿ ಮಾವ ನಿಂತಿದ್ದರು. ಹೆಂಡತಿಯ ಅಪ್ಪ. ಆರು ತಿಂಗಳಿಗೆಂದು ನಮ್ಮ ಹತ್ತಿರ ಬಂದಿದ್ದರು. ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಿಷಿಗನ್ನಿನ ನವೆಂಬರ್ ಚಳಿಗೆ ಮಂಕಿಕ್ಯಾಪು, ಎರಡು ಸ್ವೆಟರು ಹಾಕಿಕೊಂಡಿದ್ದರು. ಅಷ್ಟು ದಿನ ಟಿವಿ ಮುಂದೆ ಕೂತು ಬೇಜಾರಾಗಿದ್ದವರು ಬಾನೆಟ್ ಎತ್ತಿದ್ದು ನೋಡಿ ಹೊರಗೆ ಬಂದಿದ್ದರು.

ವಿಷಯ ಹೇಳಿದೆ. ಅವರು ಇಂಜಿನ್ ಕಡೆ ನೋಡಲೇ ಇಲ್ಲ. "ಅಳಿಯಂದ್ರೆ, ಒಂದು ಪೆನ್ಸಿಲ್ ತನ್ನಿ" ಎಂದರು. ಗೇಜ್ ಬಂದಿದ್ದ ರಟ್ಟಿನ ಡಬ್ಬ ಹರಿದು ಮಗುಚಿ ಹಾಕಿದರು. "ಗಾಳಿ ಎಲ್ಲಿಂದ ಒಳಗೆ ಬರುತ್ತೆ, ಯಾವುದಾದ್ಮೇಲೆ ಯಾವುದಕ್ಕೆ ಹೋಗುತ್ತೆ, ಮೊದ್ಲು ಅದನ್ನ ಬರೀರಿ. ಹೋಸ್ ಆಮೇಲೆ ನೋಡೋಣ."

ಬರೆದೆ. ಏರ್ ಫಿಲ್ಟರ್. ಆಮೇಲೆ ಥ್ರಾಟಲ್. ಆಮೇಲೆ ಸೂಪರ್‌ಚಾರ್ಜರ್. ಆಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್. ಆಮೇಲೆ ಸಿಲಿಂಡರ್. ಅವರು ಪೆನ್ಸಿಲ್ ತೆಗೆದುಕೊಂಡು ಥ್ರಾಟಲ್‌ಗೂ ಸೂಪರ್‌ಚಾರ್ಜರ್‌ಗೂ ನಡುವೆ ಒಂದು ಚುಕ್ಕಿ ಇಟ್ಟರು. "ನೀವು ಹೋಸ್ ತಗೊಂಡಿರೋದು ಇಲ್ಲಿಂದ. ಇದು ಬ್ಲೋವರ್‌ನ, ಅಂದ್ರೆ ನಿಮ್ಮ ಸೂಪರ್‌ಚಾರ್ಜರ್‌ನ, ಬಾಯಿ. ಬಾಯಲ್ಲಿ ಒತ್ತಡ ಎಲ್ಲಿರುತ್ತೆ? ಎಳೆಯೋದೇ ಇರುತ್ತೆ."

ಆ ಚುಕ್ಕಿ ನೋಡಿದ ಮೇಲೆ ಎಲ್ಲ ಬಿಡಿಸಿಕೊಂಡಿತು. ಟರ್ಬೊ ಪೆಟ್ರೋಲ್ ಕಾರಿನಲ್ಲಿ ಮೊದಲು ಟರ್ಬೊ, ಆಮೇಲೆ ಥ್ರಾಟಲ್. ಥ್ರಾಟಲ್ ದಾಟಿದರೆ ಸಿಗುವುದು ಮ್ಯಾನಿಫೋಲ್ಡೇ. ಅಲ್ಲಿ ವ್ಯಾಕ್ಯೂಮೂ ಕಾಣುತ್ತದೆ, ಬೂಸ್ಟೂ ಕಾಣುತ್ತದೆ. ಗೆಳೆಯ ಹೇಳಿದ್ದು ಅವನ ಕಾರಿಗೆ ನೂರಕ್ಕೆ ನೂರು ಸರಿ. ನನ್ನ ಕಾರಿನಲ್ಲಿ ಸಾಲು ತಿರುಗಾಮುರುಗಾ. ಥ್ರಾಟಲ್ ಮೊದಲು, ಬ್ಲೋವರ್ ಆಮೇಲೆ. ಥ್ರಾಟಲ್ ದಾಟಿದ ಮೇಲೆ ಎರಡು ಜಾಗ ಇವೆ, ಒಂದು ಬ್ಲೋವರ್‌ಗೆ ಮುಂಚೆ, ಇನ್ನೊಂದು ಬ್ಲೋವರ್ ದಾಟಿದ ಮೇಲೆ. ಬೂಸ್ಟ್ ಇರುವುದು ಎರಡನೆಯದರಲ್ಲಿ ಮಾತ್ರ.

ಈ ಬ್ಲೋವರ್ ರೂಟ್ಸ್ ಮಾದರಿಯದು. ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಮಾಡಿಸಿದ್ದು. ಆಗ ಕಾರೇ ಇರಲಿಲ್ಲ. ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದಲು ಬಳಸುತ್ತಿದ್ದರು. ಒಳಗಿನ ಎರಡು ರೋಟರ್‌ಗಳು ಗಾಳಿಯನ್ನು ಹಿಂಡುವುದಿಲ್ಲ, ಬರೀ ಮೊಗೆದು ಆಚೆ ಹಾಕುತ್ತವೆ. ಎಂ90 ಅಂದರೆ ಒಂದು ಸುತ್ತಿಗೆ 90 ಘನ ಇಂಚು, ಸುಮಾರು ಒಂದೂವರೆ ಲೀಟರ್ ಗಾಳಿ. ಇಂಜಿನ್ ನುಂಗುವುದಕ್ಕಿಂತ ಜಾಸ್ತಿ ಗಾಳಿಯನ್ನು ಮೊಗೆದು ಹಾಕಿದರೆ ಅದು ಮ್ಯಾನಿಫೋಲ್ಡಿನಲ್ಲಿ ಒತ್ತಿಕೊಂಡು ಕೂರುತ್ತದೆ. ಅದೇ ಬೂಸ್ಟ್. ಬ್ಲೋವರ್ ದಾಟುವ ತನಕ ಬೂಸ್ಟ್ ಅನ್ನುವುದು ಹುಟ್ಟಿಯೇ ಇರುವುದಿಲ್ಲ.

ಹಾಗಾದರೆ ಐಡಲ್‌ನಲ್ಲಿ 19 ಇಂಚು ಸರಿಯಾಗಿ ಹೇಗೆ ತೋರಿಸಿತು? ನನ್ನನ್ನು ದಾರಿ ತಪ್ಪಿಸಿದ್ದು ಇದೇ. ಸೂಪರ್‌ಚಾರ್ಜರ್‌ನಲ್ಲಿ ಒಂದು ಬೈಪಾಸ್ ವಾಲ್ವ್ ಇರುತ್ತದೆ. ನಿಧಾನಕ್ಕೆ ಓಡಿಸುವಾಗ ಅದು ತೆರೆದೇ ಇರುತ್ತದೆ, ಇಂಜಿನ್ನಿಗೆ ಸುಮ್ನೆ ಭಾರ ಆಗಬಾರದು ಅಂತ. ಅದು ತೆರೆದಿರುವಾಗ ಬ್ಲೋವರ್‌ನ ಹಿಂದೆ ಮುಂದೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಒತ್ತಡ. ಹೋಸ್ ಎಲ್ಲಿಂದ ತಂದರೂ ಗೇಜ್ ಒಂದೇ ಅಂಕಿ ತೋರಿಸುತ್ತದೆ. ಜೋರಾಗಿ ತುಳಿದು ವಾಲ್ವ್ ಮುಚ್ಚಿಕೊಂಡಾಗ ಮಾತ್ರ ಎರಡೂ ಬೇರೆ ಬೇರೆಯಾಗುತ್ತವೆ. ಮನೆಯ ಮುಂದೆ ನಿಲ್ಲಿಸಿಕೊಂಡು ಎಷ್ಟು ಪರೀಕ್ಷೆ ಮಾಡಿದರೂ ಈ ತಪ್ಪು ಸಿಗುವುದಿಲ್ಲ.

ಸೊನ್ನೆಗೆ ಒಂದು ಗೆರೆ ಬಾಕಿ ಯಾಕೆ ಉಳಿಯಿತು ಅನ್ನುವುದಕ್ಕೂ ಈಗ ಉತ್ತರ ಸಿಕ್ಕಿತು. ಥ್ರಾಟಲ್ ಪೂರ್ತಿ ತೆರೆದಿದ್ದರೂ ಬ್ಲೋವರ್ ಜೋರಾಗಿ ಎಳೆಯುತ್ತಿರುತ್ತದೆ. ಫಿಲ್ಟರ್, ಪೈಪು, ಥ್ರಾಟಲ್ ಬಾಯಿ ಎಲ್ಲ ದಾಟಿ ಬರುವಾಗ ಗಾಳಿಗೆ ಅಷ್ಟು ತಡೆ ಆಗುತ್ತದೆ. ನಾನು ಹೆದರಿದ ಆ ಒಂದು ಗೆರೆಯೇ, ಬ್ಲೋವರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತಾಗಿತ್ತು.

ಇನ್ನು ಸರಿಯಾದ ಜಾಗ ಹುಡುಕಬೇಕಿತ್ತು. ಆಯಿಲ್ ಹಾಕುವ ಕೊಳವೆ ತಿರುಗಿಸಿ ತೆಗೆದು, ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿ ಪಕ್ಕಕ್ಕಿಟ್ಟೆ. ಮ್ಯಾನಿಫೋಲ್ಡಿನ ಒತ್ತಡ ತಿಳಿದುಕೊಳ್ಳಬೇಕಾದ ಭಾಗಗಳು ಯಾವುವು ಎಂದು ರಟ್ಟಿನ ಮೇಲೆ ಬರೆದೆವು. ಮ್ಯಾಪ್ ಸೆನ್ಸರ್ ಒಂದು. ಅದು ಕಂಪ್ಯೂಟರಿಗೆ ಲೆಕ್ಕ ಕೊಡುವಂಥದ್ದು, ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಬೈಪಾಸ್ ವಾಲ್ವಿಗೆ ಹೋಗುವ ತೆಳು ಹೋಸ್‌ಗಳು ಇನ್ನೊಂದು. ಅಲ್ಲಿಯ ಒತ್ತಡವನ್ನು ಕಂಪ್ಯೂಟರು ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಮೂಲಕ ಬದಲಾಯಿಸುತ್ತಿರುತ್ತದೆ, ಅಲ್ಲಿ ಟೀ ಹಾಕಿದರೆ ಮುಳ್ಳು ನಿಜ ಹೇಳುವುದಿಲ್ಲ. ಮೂರನೆಯದು ಫ್ಯೂಯೆಲ್ ಪ್ರೆಷರ್ ರೆಗ್ಯುಲೇಟರ್. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲಿನ ಮೇಲೆ ಕೂತಿರುವ ಪುಟ್ಟ ಡಬ್ಬಿಯಂಥದ್ದು, ಅದರ ತಲೆಗೆ ಒಂದು ಹೋಸ್. ಈ ಇಂಜಿನ್ನಿನಲ್ಲಿ ಜಾಸ್ತಿ ಜನ ಗೇಜ್ ಜೋಡಿಸುವುದು ಇಲ್ಲೇ.

ಮ್ಯಾನಿಫೋಲ್ಡಿನ ಒತ್ತಡ ಏರಿದಷ್ಟು ಪೆಟ್ರೋಲಿನ ಒತ್ತಡವನ್ನೂ ಏರಿಸುವುದು ರೆಗ್ಯುಲೇಟರ್ ಕೆಲಸ. ಇಲ್ಲದಿದ್ದರೆ ಬೂಸ್ಟ್ ಬಂದಾಗ ಇಂಜೆಕ್ಟರಿನಿಂದ ಪೆಟ್ರೋಲ್ ಕಡಿಮೆ ಬೀಳುತ್ತದೆ, ಇಂಜಿನ್ ನಾಕ್ ಆಗುತ್ತದೆ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ), ಪಿಸ್ಟನ್ನಿಗೆ ಪೆಟ್ಟು. ಹಾಗಾಗಿ ಈ ಹೋಸ್‌ನಲ್ಲಿ ಒಂದು ಟೀ ಹಾಕುವುದು ಅಂದರೆ ಗೇಜ್ ಹಾಕುವುದಷ್ಟೇ ಅಲ್ಲ. ನಾವು ಹಾಕಿದ ಜಾಯಿಂಟ್ ಬಿಟ್ಟುಕೊಂಡರೆ ಹಾಳಾಗುವುದು ಇಂಜಿನ್. ಇದನ್ನು ಮಾವನಿಗೆ ಹೇಳಿದಾಗ ಅವರು, "ಹಾಗಾದ್ರೆ ಇದು ಬ್ರೇಕ್ ಪೈಪ್ ಇದ್ದ ಹಾಗೆ ಅನ್ನಿ" ಎಂದರು. ಡಿಪೋದಲ್ಲಿ ಏರ್ ಬ್ರೇಕಿನ ಲೀಕ್ ಹುಡುಕಿ ಹುಡುಕಿ ರೂಢಿಯಾದ ಕೈ ಅದು. ಅಲ್ಲಿಂದ ಮುಂದೆ ಪ್ರತಿ ಜಾಯಿಂಟನ್ನೂ ಅವರು ಹಾಗೇ ನೋಡಿದರು.

ಹೋಸ್ ಕೀಳುವ ಮುಂಚೆ ಇಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿದೆವು. ರೆಗ್ಯುಲೇಟರ್ ಒಳಗೆ ಒಂದು ರಬ್ಬರ್ ಪರದೆ ಇರುತ್ತದೆ. ಅದು ಹರಿದಿದ್ದರೆ ಪೆಟ್ರೋಲ್ ಈ ಹೋಸ್ ಒಳಗೆ ಬರುತ್ತದೆ. ಗೇಜಿನ ಟ್ಯೂಬನ್ನು ಅಲ್ಲಿಗೆ ಜೋಡಿಸಿದರೆ ಪೆಟ್ರೋಲಿನ ಹಬೆ ನೇರ ಕಾರಿನ ಒಳಗೇ. ಮಾವ ಹೋಸ್ ಬಾಯಿ ಮೂಗಿಗೆ ಹಿಡಿದು ಎಳೆದರು. ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿ ಒಂದನ್ನು ರೆಗ್ಯುಲೇಟರ್ ಮೂತಿಯೊಳಗೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಒಣಗಿತ್ತು. ಸ್ವಲ್ಪ ಕಪ್ಪು ಧೂಳು, ಅಷ್ಟೇ. ವಾಸನೆ ಬಂದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮೊದಲು ರೆಗ್ಯುಲೇಟರ್ ಬದಲಿಸಬೇಕಿತ್ತು.

ಹೋಸ್ ಮಾತ್ರ ಇಪ್ಪತ್ತು ವರ್ಷದ ಬಿಸಿಗೆ ಗಟ್ಟಿಯಾಗಿತ್ತು. ಬಗ್ಗಿಸಿದರೆ ಮೈಮೇಲೆ ಸಣ್ಣ ಸಣ್ಣ ಬಿರುಕು ತೆರೆದುಕೊಳ್ಳುತ್ತಿತ್ತು. ಅದನ್ನೇ ಕತ್ತರಿಸಿ ಟೀ ತುರುಕುವುದು ಬೇಡ ಎಂದು ಪೂರ್ತಿ ತೆಗೆದು, ಹೊಸ ರಬ್ಬರ್ ಹೋಸ್ ಎರಡು ತುಂಡು ಹಾಕಿ, ನಡುವೆ ಟೀ ಕೂರಿಸಿದೆ. ಪೆಟ್ರೋಲ್ ಹಬೆ ತಡೆಯುವ ಜಾತಿಯ ಹೋಸೇ ಬೇಕು, ಅದಕ್ಕೆ ಅಂಗಡಿಗೆ ಇನ್ನೊಂದು ಸಲ ಹೋಗಿ ಬಂದೆ. ಮೊದಲು ತಪ್ಪಾಗಿ ಕತ್ತರಿಸಿದ್ದ ಹೋಸನ್ನೂ ಹಾಗೇ ಬಿಡಲಿಲ್ಲ. ಟೀ ತೆಗೆದು ಹೊಸ ಹೋಸ್ ಹಾಕಿದೆ. ಬೇಡದ ಜಾಯಿಂಟ್ ಒಂದು ಉಳಿದರೆ ಮುಂದೆ ಎಂದಾದರೂ ಲೀಕ್ ಆಗುವುದು ಅಲ್ಲೇ ಅಲ್ವಾ.

ಟೀಯಿಂದ ಗೇಜಿನವರೆಗೆ ಹೋಗುವುದು ತೆಳು ನೈಲಾನ್ ಟ್ಯೂಬ್, ಎಂಟನೇ ಒಂದು ಇಂಚಿನದು. ನವೆಂಬರ್ ಚಳಿಯಲ್ಲಿ ಅದು ತಂತಿಯ ಹಾಗೆ ಸೆಟೆದಿತ್ತು. ತುದಿಯನ್ನು ಬಿಸಿನೀರಿನ ಲೋಟದಲ್ಲಿ ಅರ್ಧ ನಿಮಿಷ ಅದ್ದಿದರೆ ಮೆತ್ತಗಾಗಿ ಟೀಯ ಮೂತಿಗೆ ಸಲೀಸಾಗಿ ಏರಿತು. ಎಕ್ಸಾಸ್ಟ್ ಪೈಪಿನ ಹತ್ತಿರ ಸುಳಿಯದ ಹಾಗೆ ದೂರದಿಂದ ಸುತ್ತಿಸಿ ತಂದೆ, ನೈಲಾನ್ ಬಿಸಿ ತಾಗಿದರೆ ಕರಗಿಬಿಡುತ್ತದೆ. ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವೆ ಇರುವ ತಗಡಿನಲ್ಲಿ, ಅಂದರೆ ಫೈರ್‌ವಾಲ್‌ನಲ್ಲಿ, ಹೊಸ ತೂತು ಕೊರೆಯಲಿಲ್ಲ. ವೈರುಗಳು ಹೋಗುವ ರಬ್ಬರ್ ಬುಷ್ ಒಂದು ಇತ್ತು. ಅತ್ತೆಯ ಉಲ್ಲನ್ ಹೆಣೆಯುವ ಕಡ್ಡಿ ಇಸಿದುಕೊಂಡು, ವೈರು ತಪ್ಪಿಸಿ ರಬ್ಬರಿನ ಅಂಚಿನಲ್ಲಿ ಚುಚ್ಚಿ, ಅದೇ ದಾರಿಯಲ್ಲಿ ಟ್ಯೂಬ್ ತೂರಿಸಿದೆ. ತಗಡಿನ ಅಂಚಿಗೆ ಟ್ಯೂಬ್ ನೇರವಾಗಿ ತಾಗಬಾರದು. ಇಂಜಿನ್ ಅಲುಗಾಟಕ್ಕೆ ಕೆಲವೇ ತಿಂಗಳಲ್ಲಿ ಕೊಯ್ದುಹೋಗುತ್ತದೆ.

ಗೇಜಿನ ಹಿಂದಿನ ಜಾಯಿಂಟ್‌ನಲ್ಲಿ ಇನ್ನೊಂದು ಪಾಠ ಆಯಿತು. ಅಲ್ಲಿ ಫೆರೂಲ್ ಅನ್ನುವ ಪುಟ್ಟ ಹಿತ್ತಾಳೆ ಉಂಗುರ ಟ್ಯೂಬನ್ನು ಸುತ್ತಲೂ ಕಚ್ಚಿ ಹಿಡಿಯುತ್ತದೆ. ನಾನು ಟ್ಯೂಬನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದ್ದೆ. ಮಾವ ಕನ್ನಡಕ ಹಣೆಗೆ ಏರಿಸಿ, ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಾಯಿ ಓರೆಯಾಗಿ ಚಪ್ಪಟೆಯಾಗಿತ್ತು. "ಹಿಂಗಿದ್ರೆ ಕೂರಲ್ಲ" ಎಂದು ಮರದ ಹಲಗೆ ಮೇಲಿಟ್ಟು ಹೊಸ ಬ್ಲೇಡಿನಿಂದ ಒಂದೇ ಏಟಿಗೆ ನೆಟ್ಟಗೆ ಕತ್ತರಿಸಿದರು. ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಅಷ್ಟೇ. ಜಾಸ್ತಿ ಬಿಗಿದರೆ ಟ್ಯೂಬೇ ಹಿಸುಕಿ ಹೋಗುತ್ತದೆ. ಟೆಫ್ಲಾನ್ ಟೇಪ್ ಸುತ್ತಲು ಹೋದೆ, ಬೇಡ ಎಂದರು. ಇಲ್ಲಿ ಗಾಳಿ ತಡೆಯುವುದು ಉಂಗುರ, ನಟ್ಟಿನ ಮರೆ (ಥ್ರೆಡ್) ಅಲ್ಲ.

ಆಮೇಲೆ ಲೀಕ್ ಪರೀಕ್ಷೆ. ಸೋಪಿನ ನೀರು ಹಚ್ಚೋಣ ಎಂದು ನಾನು ಹೊರಟರೆ ಮಾವ ತಡೆದರು. "ಇಂಜಿನ್ ಸುಮ್ನೆ ಓಡ್ತಾ ಇದ್ರೆ ಇದು ಒಳಕ್ಕೆ ಎಳೆಯುತ್ತೆ, ಗುಳ್ಳೆ ಹೆಂಗೆ ಬರುತ್ತೆ? ನಾವೇ ಗಾಳಿ ತುಂಬಬೇಕು." ಮಗಳ ಜ್ವರದ ಔಷಧಿಯ ಜೊತೆ ಬಂದಿದ್ದ ದೊಡ್ಡ ಸಿರಿಂಜ್ ಮನೆಯಲ್ಲಿತ್ತು. ಟ್ಯೂಬನ್ನು ಟೀಯಿಂದ ಬಿಡಿಸಿ, ಸಿರಿಂಜಿಗೆ ಒಂದು ತುಂಡು ರಬ್ಬರ್ ಹೋಸ್‌ನಿಂದ ಜೋಡಿಸಿ, ನಿಧಾನಕ್ಕೆ ಒತ್ತಿದೆ. ಕಾರಿನ ಒಳಗಿನಿಂದ ಮಾವ ಕೂಗಿದರು. "ನಾಲ್ಕು... ಆರು... ಎಂಟು. ನಿಲ್ಸಿ." ಹೆಬ್ಬೆರಳು ಅಲುಗಿಸದೆ ಹಿಡಿದುಕೊಂಡೆ. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು. ಮುಳ್ಳು ಎಂಟರಿಂದ ಇಳಿಯಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡದೆ, ರೋಡಿಗೆ ಹೋಗದೆ, ಗೇಜ್ ಮತ್ತು ಟ್ಯೂಬ್ ಎರಡೂ ಸರಿ ಎಂದು ಗೊತ್ತಾಯಿತು. ಮೊದಲ ದಿನವೇ ಇದನ್ನು ಮಾಡಬೇಕಿತ್ತು. ಗೇಜ್ ಹಾಕುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಸಿರಿಂಜಿನ ವಿಷಯವನ್ನೇ. ಟ್ಯೂಬನ್ನು ಮತ್ತೆ ಟೀಗೆ ಏರಿಸಿ, ಮೂರೂ ಮೂತಿಗೆ ಕ್ಲಾಂಪ್ ಹಾಕಿದೆ. ಬೂಸ್ಟ್ ಬರುವಾಗ ಒಳಗಿನಿಂದ ತಳ್ಳುತ್ತದೆ, ಬರೀ ಸಿಗಿಸಿ ಬಿಟ್ಟರೆ ಒಂದು ದಿನ ಕಳಚಿಕೊಳ್ಳುತ್ತದೆ.

ಗೇಜಿನ ಲೈಟಿನ ವೈರಿಂಗ್ ಹತ್ತು ನಿಮಿಷದ ಕೆಲಸ, ಹೇಳುವಂಥದ್ದೇನಿಲ್ಲ.

ಮರುದಿನ ಭಾನುವಾರ. ಇಬ್ಬರೂ ಹೊರಟೆವು. ಇಂಜಿನ್ ಬಿಸಿಯಾಗುವ ತನಕ ಊರೊಳಗೆ ನಿಧಾನಕ್ಕೆ ಸುತ್ತಿದೆ. ಮುಳ್ಳು ಹನ್ನೆರಡು ಹದಿನೈದು ಇಂಚಿನ ಆಸುಪಾಸಿನಲ್ಲಿ ಓಡಾಡುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ 19. ಮಾವ ಅದನ್ನೇ ನೋಡುತ್ತಾ, "ನಮ್ಮ ಕಡೆ ಈ ಕಾರು ತಂದ್ರೂ ಇಷ್ಟೇ ತೋರ್ಸುತ್ತಾ?" ಎಂದು ಕೇಳಿದರು. ತೋರಿಸುವುದಿಲ್ಲ. ಡೆಟ್ರಾಯಿಟ್ ಸಮುದ್ರ ಮಟ್ಟದಿಂದ ಸುಮಾರು ಇನ್ನೂರು ಮೀಟರ್ ಎತ್ತರದಲ್ಲಷ್ಟೇ ಇದೆ. ಬೆಂಗಳೂರು, ಹಾಸನ ಎರಡೂ ಒಂಬೈನೂರು ಮೀಟರಿಗಿಂತ ಮೇಲೆ. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಡಿಮೆ ಎಂದು ಲೆಕ್ಕ. ಅಲ್ಲಿ ಇದೇ ಇಂಜಿನ್ ಹದಿನಾರು ಹದಿನೇಳು ತೋರಿಸಿದರೂ ಆರೋಗ್ಯವಾಗಿಯೇ ಇದೆ ಎಂದರ್ಥ. ಊರಲ್ಲಿ ಯಾರಾದರೂ ಗೇಜ್ ಹಾಕಿ ಇಲ್ಲಿಯ ಅಂಕಿಗೆ ಹೋಲಿಸಿಕೊಂಡು ಹೆದರಬಾರದು. ಬೆಂಗಳೂರಿನಲ್ಲಿ ಕಾಂಪ್ರೆಸರ್ ಎಂದು ಬರೆದಿರುವ ಹಳೆಯ ಮರ್ಸಿಡಿಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ, ಅವುಗಳಲ್ಲಿರುವುದೂ ಸೂಪರ್‌ಚಾರ್ಜರೇ. ಅದಕ್ಕೆ ಗೇಜ್ ಹಾಕುವವರು ನನ್ನ ಕಾರಿನ ಜಾಗವನ್ನೇ ನಂಬಬೇಡಿ. ಮೊದಲು ಆ ಇಂಜಿನ್ನಿನ ಗಾಳಿಯ ದಾರಿ ಬರೆದು, ಥ್ರಾಟಲ್ ಎಲ್ಲಿ, ಬ್ಲೋವರ್ ಎಲ್ಲಿ ನೋಡಿಕೊಳ್ಳಿ. ಸೆಂಟ್ರಿಫ್ಯೂಗಲ್ ಜಾತಿಯ ಸೂಪರ್‌ಚಾರ್ಜರ್ ಆದರೆ ಸಾಮಾನ್ಯವಾಗಿ ಟರ್ಬೊ ಹಾಗೇ ಥ್ರಾಟಲ್‌ಗಿಂತ ಮುಂಚೆ ಇರುತ್ತದೆ.

ಹೈವೇಗೆ ಏರುವ ರ‍್ಯಾಂಪ್ ಖಾಲಿ ಇತ್ತು. ನಾನು ರೋಡು ನೋಡುತ್ತೇನೆ, ಮುಳ್ಳು ನೀವು ನೋಡಿ ಎಂದು ಮಾವನಿಗೆ ಹೇಳಿದ್ದೆ. ಆಕ್ಸಿಲರೇಟರ್ ಪೂರ್ತಿ ತುಳಿದೆ. ಗೇರ್ ಒಂದು ಕೆಳಗಿಳಿಯಿತು, ಅದೇ ಕೂಗು ಎದ್ದಿತು.

"ಸೊನ್ನೆ. ದಾಟ್ತು. ಮೂರು... ಐದು... ಏಳು. ಏಳರ ಮೇಲೆ ಸ್ವಲ್ಪ. ನಿಂತಿದೆ ಅಳಿಯಂದ್ರೆ, ನಿಂತಿದೆ!"

ಕಾಲು ಎತ್ತಿದೆ. ಮುಳ್ಳು ಒಂದೇ ಸಲ ಎಡಕ್ಕೆ ಹಾರಿ ಇಪ್ಪತ್ತೆರಡರ ಹತ್ತಿರ ಹೋಗಿ ಬಂತು. ಬ್ಲೋವರ್ ಆರೋಗ್ಯವಾಗಿತ್ತು. ಕಣ್ಣು ಸ್ವಲ್ಪ ಒದ್ದೆಯಾಯಿತು ಎಂದರೆ ತಪ್ಪಿಲ್ಲ. ಸಾವಿರ ಡಾಲರ್ ಉಳಿಯಿತು ಎಂಬುದಕ್ಕಿಂತ, ಬದುಕಿರುವ ಒಂದು ಒಳ್ಳೆಯ ಯಂತ್ರವನ್ನು ಕಿತ್ತು ಗುಜರಿಗೆ ಹಾಕುವುದು ತಪ್ಪಿತು.

ಕಟಕಟ ಸದ್ದು ಇನ್ನೂ ಇದೆ. ಅದು ಸೂಪರ್‌ಚಾರ್ಜರ್ ಮೂತಿಯ ಒಳಗಿನ ಕಪ್ಲರ್ ಸವೆದ ಸದ್ದಿನ ಹಾಗೇ ಇದೆ. ಪುಲ್ಲಿಯ ತಿರುವನ್ನು ರೋಟರ್‌ಗಳಿಗೆ ದಾಟಿಸುವ ಚಿಕ್ಕ ತುಂಡು ಅದು, ಬೆಲೆಯೂ ಕಡಿಮೆ. ಇದು ಸವೆಯುವುದು ಈ ಎಂ90ಗಳಲ್ಲಿ ಸಾಮಾನ್ಯ. ಚಳಿ ಮುಗಿದ ಮೇಲೆ ಮೂತಿ ಬಿಚ್ಚಿ ಬದಲಿಸಬೇಕು, ಒಳಗಿನ ಎಣ್ಣೆಯನ್ನೂ ಹೊಸದು ಹಾಕಬೇಕು. ಮಾವನ ವಾಪಸ್ ಟಿಕೆಟ್ ಮಾರ್ಚ್ ಕೊನೆಗಿತ್ತು. ಏಪ್ರಿಲ್ ಮೂರನೇ ವಾರಕ್ಕೆ ಬದಲಾಯಿಸಲು ಆಗುತ್ತಾ ನೋಡು ಎಂದು ಮಗಳಿಗೆ ಹೇಳಿದ್ದಾರೆ. ರಟ್ಟಿನ ಮೇಲೆ ಬರೆದ ಗಾಳಿಯ ದಾರಿ ಇನ್ನೂ ಗ್ಯಾರೇಜಿನ ಗೋಡೆಯ ಮೇಲಿದೆ. ಅದರ ಕೆಳಗೆ ಅವರು ಪೆನ್ಸಿಲಿನಲ್ಲಿ ಕಪ್ಲರ್, ಎಣ್ಣೆ, ಗ್ಯಾಸ್ಕೆಟ್ ಅಂಟು ಎಂದು ಪಟ್ಟಿ ಮಾಡಿಟ್ಟಿದ್ದಾರೆ.